ಕೇಳಿ ಕಾಯುವವಳು

ಒಂದು ಕೈಯಲ್ಲಿ ಎರಡೂ ಪಾದಗಳನ್ನು ಸೇರಿಸಿ ಹಿಡಿದು ಇನ್ನೊಂದರಿಂದ ಒದ್ದೆ ಡೈಪರ್ ಎಳೆಯುವಷ್ಟರಲ್ಲಿ, ಮಗು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ದೊಡ್ಡಕ್ಕನ ಮೊಣಕೈಗೆ ಒದ್ದಿತು. ಪೌಡರ್ ಡಬ್ಬಿ ಉರುಳಿ ನೆಲಕ್ಕೆ ಬಿತ್ತು. ಶಿಶುವಿಹಾರದ ಚಿಕ್ಕಮಕ್ಕಳ ಕೋಣೆಯಲ್ಲಿ ಡೈಪರ್ ಬದಲಾಯಿಸಲು ಇಬ್ಬರು ಬೇಕಾಗುತ್ತಿದ್ದದ್ದು ಇದೊಂದಕ್ಕೇ. ಅದಕ್ಕೇ ಎಲ್ಲರೂ ಇದನ್ನು ಕುದುರೆ ಎಂದು ಕರೆಯುತ್ತಿದ್ದರು.

"ಬಾರೇ ಇಲ್ಲಿ, ಇದರ ಕಾಲು ಹಿಡ್ಕೋ," ಎಂದಳು ದೊಡ್ಡಕ್ಕ.

ಬಂದವಳು ಹೊಸಬಳು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ದೊಡ್ಡಕ್ಕನಿಗೆ ಜೋಡಿಯಾಗಲಿ ಎಂದು ಅಡುಗೆಯಾಕೆ ಅವಳಿಗೆ ಸಣ್ಣಕ್ಕ ಎಂದು ಹೆಸರಿಟ್ಟಿದ್ದಳು. ಸಣ್ಣಕ್ಕ ಕಾಲು ಹಿಡಿಯಲಿಲ್ಲ. ಮೇಜಿನ ಪಕ್ಕದಲ್ಲಿ ಬಗ್ಗಿ ತನ್ನ ಮುಖವನ್ನು ಹುಡುಗನ ಮುಖದ ಮಟ್ಟಕ್ಕೆ ತಂದಳು.

"ಒದ್ದೆಯಾಗಿದೆ ಕಣಪ್ಪ. ಬೇರೆ ಹಾಕ್ಬೇಕು. ಸೊಂಟ ಸ್ವಲ್ಪ ಎತ್ತಿ ಕೊಡ್ತೀಯಾ?"

ಕೇಳಿ, ಎರಡೂ ಅಂಗೈಗಳನ್ನು ಅವನಿಗೆ ಕಾಣುವಂತೆ ಮೇಜಿನ ಅಂಚಿನಲ್ಲಿಟ್ಟು ಕಾದಳು. ಆಚೆ ಊಟದ ಕೋಣೆಯಲ್ಲಿ ತಟ್ಟೆಗಳ ಸದ್ದು ಶುರುವಾಗಿತ್ತು. ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಅವಳ ಹಿಡಿತ ಅವಳಿಗೇ ಗೊತ್ತಾಗದ ಹಾಗೆ ಸಡಿಲವಾಯಿತು. ಹುಡುಗ ಮೇಲಿನ ಫ್ಯಾನ್ ನೋಡಿದ, ಸಣ್ಣಕ್ಕನನ್ನು ನೋಡಿದ, ಬಾಯಲ್ಲಿ ಬೆರಳಿಟ್ಟುಕೊಂಡು ಯೋಚಿಸಿದ. ಆಮೇಲೆ ಅಂಗಾಲುಗಳನ್ನು ಮೇಜಿಗೆ ಊರಿ, ಮುಖ ಕೆಂಪಗೆ ಮಾಡಿಕೊಂಡು ಸೊಂಟವನ್ನು ಮೇಲಕ್ಕೆತ್ತಿದ.

ಒಣ ಡೈಪರ್ ಅಡಿಯಲ್ಲಿ ಸರಾಗವಾಗಿ ಜಾರಿತು. ಯಾರೂ ಅಳಲಿಲ್ಲ.

ಇದೆಲ್ಲ ಚೆಂದವೇ. ಆದರೆ ಊಟ ಮತ್ತೆ ತಡವಾಯಿತು. ಚಿಕ್ಕವರ ಊಟ ಮುಗಿಯದೆ ದೊಡ್ಡ ಮಕ್ಕಳಿಗೆ ಊಟದ ಕೋಣೆ ಸಿಗುತ್ತಿರಲಿಲ್ಲ. ಅವರು ಬಾಗಿಲಾಚೆ ಸಾಲುಗಟ್ಟಿ ಚಮಚದಿಂದ ಗೋಡೆ ಬಡಿಯುತ್ತಿದ್ದರು. ಸಣ್ಣಕ್ಕನೋ, ಎತ್ತಿಕೊಳ್ಳುವ ಮುಂಚೆ ಕೇಳುತ್ತಿದ್ದಳು, ಮೂಗು ಒರೆಸುವ ಮುಂಚೆ ಹೇಳುತ್ತಿದ್ದಳು, ಯಾವ ಮಗುವನ್ನೂ ಹಿಂದಿನಿಂದ ಬಂದು ಗಬಕ್ಕನೆ ಎತ್ತುತ್ತಿರಲಿಲ್ಲ. ಮಂತ್ರಿಗಳ ಭೇಟಿಗೆ ಸಮಯ ಕೇಳೋ ಹಾಗೆ ಕೇಳ್ತಾಳಲ್ಲ ಎಂದು ಅಡುಗೆಯಾಕೆ ನಗುತ್ತಿದ್ದಳು. ಇನ್ನೂ ತೆವಳಲು ಬಾರದ ಕೂಸನ್ನೂ ಸಣ್ಣಕ್ಕ 'ಅದು' ಎನ್ನದೆ 'ಅವಳು' ಎನ್ನುವುದು ಇನ್ನೊಂದು ತಮಾಷೆ. ವ್ಯಾಕರಣದ ಮೇಷ್ಟ್ರು ಕೇಳಿಸಿಕೊಂಡರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ ಎಂದು ಛೇಡಿಸಿದಾಗ ಸಣ್ಣಕ್ಕ ಹೇಳಿದ್ದಿಷ್ಟೇ: "ಅದು ಅಂದ್ರೆ ನಂಗೆ ಬಕೆಟ್ ನೆನಪಾಗುತ್ತೆ ಕಣಕ್ಕ."

ಸಣ್ಣಕ್ಕನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಇವತ್ತು ಸಂಜೆ ಹೇಳಬೇಕೆಂದು ಶಿಶುವಿಹಾರ ನಡೆಸುವ ಮೇಡಂ ದೊಡ್ಡಕ್ಕನಿಗೆ ತಿಳಿಸಿದ್ದರು. ದೊಡ್ಡಕ್ಕ ಹೇಳಿದ ಹಾಗೆಯೇ ಆಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ಮನೆ ಬಿಡುವಾಗ ದೊಡ್ಡಕ್ಕ ಕಳಿಸುವುದೆಂದೇ ಮುಕ್ಕಾಲು ಪಾಲು ತೀರ್ಮಾನಿಸಿದ್ದಳು. ಒಳ್ಳೆಯ ಹುಡುಗಿ, ಆದರೆ ಈ ಕೆಲಸಕ್ಕೆ ಕೈ ಚುರುಕಿರಬೇಕು.

ಮಧ್ಯಾಹ್ನ ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಸಣ್ಣಕ್ಕ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮೂಲೆಯಲ್ಲಿ ಒಂದು ಪುಟ್ಟಿ ತನ್ನ ಬಟ್ಟೆಗೊಂಬೆಗೆ ಕರವಸ್ತ್ರ ಹೊದಿಸುತ್ತಿತ್ತು. ದೊಡ್ಡಕ್ಕ ಅವಳನ್ನು ಎತ್ತಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಡುಗೆಯಾಕೆ ಎಲ್ಲಾದರೂ ನೋಡುತ್ತಿದ್ದಾಳೇನೋ ಎಂದು ಬಾಗಿಲ ಕಡೆ ಕಣ್ಣು ಹಾಯಿಸಿ, ಮಂಡಿಯೂರಿ, ಗಂಟಲು ಸರಿಮಾಡಿಕೊಂಡಳು.

"ಡೈಪರ್ ಬದಲಾಯಿಸೋಣ್ವಾ ಪುಟ್ಟಮ್ಮ?"

"ಬ್ಯಾಡ," ಎಂದಳು ಪುಟ್ಟಮ್ಮ.

ದೊಡ್ಡಕ್ಕನಿಗೆ ಕೇಳಿ ಮರ್ಯಾದೆ ಕಳೆದುಕೊಂಡಂತಾಗಿತ್ತು. "ನೋಡು, ಬೇಡ ಅಂತಾಳೆ. ಈಗೇನ್ ಮಾಡ್ತೀಯಾ?" ಎಂದು ಸಣ್ಣಕ್ಕನಿಗೆ ಸವಾಲು ಹಾಕಿದಳು.

ಸಣ್ಣಕ್ಕ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. "ಬದಲಾಯಿಸೋದಂತೂ ಬದಲಾಯಿಸಲೇಬೇಕಲ್ಲಕ್ಕ. ಅದನ್ನ ಕೇಳಬಾರದು, ಹೇಳಬೇಕು. ಗೊಂಬೆ ಮಲಗಿಸಿ ಬರ್ತೀಯೋ, ಎತ್ಕೊಂಡೇ ಬರ್ತೀಯೋ ಅಂತ ಬೇಕಾದ್ರೆ ಕೇಳಿ. ಅವಳು ಹೇಳಿದ ಹಾಗೆ ನಾವು ನಡೆಯೋ ವಿಷಯ ಮಾತ್ರ ಕೇಳೋದು. ಇಲ್ದಿದ್ರೆ ನಮ್ಮ ಪ್ರಶ್ನೆ ಸುಳ್ಳು ಅಂತ ಮಕ್ಕಳಿಗೆ ಗೊತ್ತಾಗುತ್ತೆ."

ದೊಡ್ಡಕ್ಕ ಹಾಗೆಯೇ ಕೇಳಿದಳು. ಪುಟ್ಟಿ ಗೊಂಬೆಯ ಕರವಸ್ತ್ರವನ್ನು ಇನ್ನೊಮ್ಮೆ ಎಳೆದು ಸರಿಮಾಡಿ, ಎರಡು ಸಲ ತಟ್ಟಿ, ಎದ್ದು ನಿಂತು ತಾನೇ ಕೈ ಚಾಚಿದಳು. ಎಷ್ಟೋ ಮಕ್ಕಳನ್ನು ಎತ್ತಿ ಇಳಿಸಿದ ತೋಳುಗಳು ದೊಡ್ಡಕ್ಕನವು. ಆದರೆ ಬರುತ್ತೇನೆಂದು ಒಪ್ಪಿ ಬಂದ ಮಗು ಎಷ್ಟು ಹಗುರವೆಂದು ಅವಳಿಗೆ ಈಗಲೇ ತಿಳಿದದ್ದು. ಈ ಹುಡುಗಿಗೆ ಇದೆಲ್ಲ ಯಾರು ಹೇಳಿಕೊಟ್ಟರೋ ಎಂದುಕೊಂಡಳು. ಯಾರಾದರೂ ಹೇಳಿಕೊಟ್ಟರೂ, ಚಮಚಗಳು ಗೋಡೆ ಬಡಿಯುತ್ತಿರುವಾಗ ಕೈ ಚಾಚದೆ ಕಾಯುವುದು ಎಲ್ಲರಿಗೂ ಆಗುವ ಮಾತಲ್ಲ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಮೇಡಂ ಬಂದು ಕೇಳಿದರು.

"ಇರಲಿ ಮೇಡಂ," ಎಂದಳು ದೊಡ್ಡಕ್ಕ.

"ಊಟ?"

"ಹೊತ್ತಿಗೆ ಸರಿಯಾಗಿ ಆಗುತ್ತೆ."

ಹೇಳಿಯೇನೋ ಬಿಟ್ಟಳು. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಒಗೆದ ಹೊದಿಕೆಗಳನ್ನು ಮಡಚುತ್ತಾ ಲೆಕ್ಕ ಹಾಕಿದಳು. ಊಟಕ್ಕೆ ಮುಂಚೆ ಒಬ್ಬಳು ಮಕ್ಕಳ ಹಾಸಿಗೆ ಹಾಸುತ್ತಿದ್ದರೆ ಇನ್ನೊಬ್ಬಳೇ ಎಲ್ಲ ಡೈಪರ್‌ಗಳನ್ನೂ ಬದಲಾಯಿಸಬೇಕಾಗುತ್ತಿತ್ತು. ಅವಸರವೆಲ್ಲ ಅಲ್ಲಿಯದೇ. ಹಾಸಿಗೆಗಳು ಮೊದಲೇ ಹಾಸಿದ್ದರೆ ಇಬ್ಬರ ಕೈಯೂ ಖಾಲಿ. ಕೇಳಬಹುದು, ಕಾಯಬಹುದು. ಮೊದಲೇ ಎಂದರೆ ಮಕ್ಕಳು ಸಣ್ಣಕ್ಕನ ಜೊತೆ ಅಂಗಳದಲ್ಲಿರುವ ಹೊತ್ತು. ಆ ಹೊತ್ತಿನಲ್ಲಿ ದೊಡ್ಡಕ್ಕ ಉಗ್ರಾಣದ ಬಾಗಿಲು ಹಾಕಿಕೊಂಡು ಒಂದು ಲೋಟ ಚಹಾ ಕುಡಿಯುತ್ತಿದ್ದಳು. ಅಕ್ಕಾ ಎಂದಾಗಲಿ ಅಮ್ಮಾ ಎಂದಾಗಲಿ ಯಾರೂ ಕರೆಯದ ಹೊತ್ತು ದಿನಕ್ಕೆ ಅದೊಂದೇ.

ನಾಳೆಯಿಂದ ಆ ಹೊತ್ತಿಗೆ ಹಾಸಿಗೆ ಹಾಸುವುದು. ಚಹಾವನ್ನು ನಿಂತುಕೊಂಡೇ ಕುಡಿದರಾಯಿತು.

ಸಣ್ಣಕ್ಕನಿಗೆ ಹೇಳಬಾರದು ಎಂದುಕೊಂಡಳು. ಹೇಳಿದರೆ ಆ ಹುಡುಗಿ ಋಣ ತೀರಿಸಲು ಅವಸರ ಮಾಡಿಯಾಳು, ಅವಸರ ಮೊದಲು ತಿಳಿಯುವುದು ಮಕ್ಕಳ ಮೈಗೆ.

"ಏನಕ್ಕ, ಒಬ್ಬರೇ ನಗ್ತಿದ್ದೀರಿ?" ಎಂದಳು ಸಣ್ಣಕ್ಕ ಚಪ್ಪಲಿ ಮೆಟ್ಟುತ್ತಾ.

"ಏನಿಲ್ಲ, ನಡಿ. ಬಸ್ ಹೋಗುತ್ತೆ," ಎಂದು ದೊಡ್ಡಕ್ಕ ದೀಪ ಆರಿಸಿದಳು.