ಹರವಿಗೆ ಅಂಟಿದ ಚೀಟಿ

ಎಂಟು ದಿನ ಯಮನಮ್ಮ ಆ ಒಂದು ಶಬ್ದದ ಜೊತೆ ಗುದ್ದಾಡಿದ್ದಳು. ದ್ರವಾಕರ್ಷಿ. ರೊಟ್ಟಿ ಬಡಿಯುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ದ್ರವವನ್ನು ಸೆಳೆದುಕೊಂಡು ಅದರೊಳಗೆ ಬೆರೆಯುವ ವಸ್ತು, ಜಾಲಿ ಅಂಟಿನ ಹಾಗೆ. ಗಂಧಕದ ಪುಡಿ ಹಾಗಲ್ಲ, ನೀರಿಗೆ ಹಾಕಿದರೆ ಮೇಲೇ ಕೂತಿರುತ್ತದೆ. ಅಂದು ಶಾಲಾ ಇನ್ಸ್‌ಪೆಕ್ಟರ ಎದುರು ಈ ಪಾಠ ಮಾಡಿ ತೋರಿಸಿದರೆ ಅವಳು ಟೀಚರು. ಇಲ್ಲದಿದ್ದರೆ ಅಪ್ಪನ ಹಿಂದೆ ಹಟ್ಟಿಯ ಚಿನ್ನದ ಗಣಿಗೆ ಕಲ್ಲು ಹೊರಲು ಹೋಗಬೇಕು.

ನಿಜಾಮನ ಆಡಳಿತ ಹೋಗಿ ಏಳು ವರ್ಷವಾಗಿತ್ತು. ಮಸ್ಕಿ ಹತ್ತಿರದ ಆ ಶಾಲೆಯಲ್ಲಿ ನೀರು ತುಂಬಿಡುವ ಮಣ್ಣಿನ ಹರವಿಯ ಕಾಯ್ದೆ ಮಾತ್ರ ಹೋಗಿರಲಿಲ್ಲ. ಊರ ಹೊರಗಿನ ಕೇರಿಯವರು ಅದನ್ನು ಮುಟ್ಟುವಂತಿಲ್ಲ. ಚಪರಾಸಿ ಕಸ್ತೂರೆಮ್ಮ ಮೇಲಿನಿಂದ ಸುರಿದರೆ ಉಂಟು. ಅದೇ ಕೇರಿಯಿಂದ ಪಾಠ ಹೇಳಲು ಬಂದ ಯಮನಮ್ಮನಿಗೂ ಅದೇ ಕಾಯ್ದೆ.

ಅಂದು ಹೆಡ್‌ಮಾಸ್ತರ ಅಮರಗುಂಡಪ್ಪ ಬೇಕಂತಲೇ ಕಸ್ತೂರೆಮ್ಮನನ್ನು ಪೇಟೆಗೆ ಕಳಿಸಿದ್ದ. ಮೇಜಿನ ಮೇಲೆ ಪ್ರಯೋಗದ ಎರಡು ಗ್ಲಾಸು ಖಾಲಿ ಕೂತಿದ್ದವು.

"ಸರ, ನೀವರ ಒಂದೀಟು ನೀರು ಹಾಕ್ರಿ" ಎಂದಳು ಯಮನಮ್ಮ.

"ನಿನಗ ನೀರು ಹಾಕೂದು ನನ್ನ ಕೆಲಸೇನ? ಬಾಯಿಲೇ ಹೇಳಿ ಮುಗಸು."

ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. "ಪ್ರಯೋಗ ಇಲ್ಲದ ಪಾಠಕ್ಕ ಪಾಸ್ ಇಲ್ಲಮ್ಮ."

ಯಮನಮ್ಮನ ಮೈಯೆಲ್ಲ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ!

"ಬಾಯಿಲೇ ಅಂದ್ರಿ? ಆಗಲಿ."

ಅಂಟಿನ ತುಂಡೊಂದನ್ನು ಬಾಯಿಗೆ ಹಾಕಿ ಚೀಪಿದಳು. "ನೋಡ್ರಿ ಮಕ್ಕಳ, ಉಗುಳೂ ದ್ರವನ. ಅಂಟು ಅದರಾಗ ಕರಗಾಕತ್ತೈತಿ." ಮಕ್ಕಳಿಗೆ ತೋರಿಸಲು ದ್ರವಾಕರ್ಷಿ ಎಂದು ಬರೆದು ತಂದಿದ್ದ ಚೀಟಿಯ ಬೆನ್ನಿಗೆ ಅದನ್ನು ಸವರಿ, ನೆಟ್ಟಗೆ ಹೋಗಿ, ಹರವಿಯ ಹೊಟ್ಟೆಗೆ ಒತ್ತಿ ಹಚ್ಚಿದಳು.

"ಕೀಳ್ರಲೇ ಅದನ್ನ!" ಅಮರಗುಂಡಪ್ಪ ಮಕ್ಕಳ ಮೇಲೆ ಹಾರಾಡಿದ.

ಯಾರೂ ಏಳಲಿಲ್ಲ. ಅವಳ ಎಂಜಲು! ಮುಟ್ಟಬಾರದೆಂದು ಕಲಿಸಿದವನು ಅವನೇ. ಕೊನೆಗೆ ತಾನೇ ಎದ್ದು ಹೋಗಿ ಕೈ ಚಾಚಿದ. ಚಾಚಿದ ಕೈ ಹಾಗೆಯೇ ಹಿಂದಕ್ಕೆ ಬಂತು.

"ಹರವಿ ಮೈಲಿಗಿ ಆತಲ್ರೀ ಸರ? ಇನ್ನ ನೀವ್ಯಾರೂ ಮುಟ್ಟಂಗಿಲ್ಲ. ಹಂಗಾರ ನೀರೆಲ್ಲ ನನ್ನದ."

ತಂಬಿಗೆ ಅದ್ದಿ ಎರಡೂ ಗ್ಲಾಸು ತುಂಬಿದಳು. ಒಂದರಲ್ಲಿ ಅಂಟು ಮೆಲ್ಲಗೆ ಕರಗತೊಡಗಿತು, ಇನ್ನೊಂದರಲ್ಲಿ ಗಂಧಕ ಮೇಲೇ ನಿಂತಿತು.

"ಅಂಟಿಗೆ ಏನಂತಾರ?" ಇನ್ಸ್‌ಪೆಕ್ಟರು ಮಕ್ಕಳನ್ನು ಕೇಳಿದರು.

"ದ್ರವಾಕರ್ಷಿ!" ಹರವಿಯ ಮೇಲಿನ ಚೀಟಿ ನೋಡಿ ಇಡೀ ತರಗತಿ ಕೂಗಿತು.

ಇನ್ಸ್‌ಪೆಕ್ಟರು ಪಾಸ್ ಎಂದು ಬರೆದರು. ಯಮನಮ್ಮ ಮತ್ತೊಂದು ತಂಬಿಗೆ ತುಂಬಿಕೊಂಡು, ಹೆಡ್‌ಮಾಸ್ತರನನ್ನೇ ನೋಡುತ್ತ ಗಟಗಟನೆ ಕುಡಿದಳು. ಬೆಳಗಿನಿಂದ ಅವಳಿಗೆ ಬಾಯಾರಿತ್ತು.