ಕಿವಿಯ ಮೇಲೆ ಕುಳಿತ ಪೆನ್ಸಿಲ್

ನಾನು ಒಂದು ಪೆನ್ಸಿಲ್. ಕಾರ್ಖಾನೆಯಲ್ಲಿ ಹುಟ್ಟಿ, ಮಂಡ್ಯದ ಅಂಗಡಿಯೊಂದಕ್ಕೆ ಬಂದು ಬಿದ್ದಿದ್ದವನನ್ನು ಪಿ.ಟಿ. ಮೇಷ್ಟ್ರು ಚಿಕ್ಕಲಿಂಗಯ್ಯ ಆರಿಸಿಕೊಂಡರು. ಜೊತೆಯವರಿಗೆಲ್ಲ ಕಾಗುಣಿತ, ಮಗ್ಗಿ. ನನಗೆ ಮಾತ್ರ ಬ್ಯಾಸ್ಕೆಟ್‌ಬಾಲ್. ಸ್ವಲ್ಪ ಜಂಬವಿತ್ತು, ಒಪ್ಪಿಕೊಳ್ಳುತ್ತೇನೆ.

ಕೋರ್ಟಿನ ಪಕ್ಕದ ಮೇಜಿನಲ್ಲಿ ನಮ್ಮ ಕೆಲಸ. ಹಾಳೆಯಲ್ಲಿ ಪ್ರತಿ ಆಟಗಾರ್ತಿಗೂ ಒಂದು ಸಾಲು. ಚೆಂಡು ಬುಟ್ಟಿಗೆ ಬಿದ್ದರೆ ಪಾಯಿಂಟು. ಗುರಿ ತಪ್ಪಿ ಪುಟಿದದ್ದನ್ನು ಹಿಡಿದರೆ ರೀಬೌಂಡ್. ಇನ್ನೊಬ್ಬಳು ಬುಟ್ಟಿಗೆ ಹಾಕುವಂತೆ ಚೆಂಡು ಒದಗಿಸಿದರೆ ಅಸಿಸ್ಟ್. ಪಾಯಿಂಟನ್ನು ಊರೆಲ್ಲ ನೋಡುತ್ತದೆ. ಅಸಿಸ್ಟ್ ಹಾಗಲ್ಲ, ನಾನು ಗೀಟು ಎಳೆಯದಿದ್ದರೆ ಅದು ನಡೆದೇ ಇಲ್ಲ.

ಜಿಲ್ಲಾ ಫೈನಲ್ ದಿನ ಕೇಬಲ್ ಚಾನೆಲ್‌ನವರು ನೇರಪ್ರಸಾರಕ್ಕೆ ಬಂದರು. ವೀಕ್ಷಕ ವಿವರಣೆ ಕೊಡಬೇಕಾದವರು ಕೈಕೊಟ್ಟರು. ನೀವೇ ನಾಲ್ಕು ಮಾತಾಡಿ ಎಂದು ಮೇಷ್ಟ್ರ ಕೈಗೆ ಮೈಕು ಬಂತು. ಇಪ್ಪತ್ತು ವರ್ಷ ಬಾಯಿಮುಚ್ಚಿ ಗೀಟು ಹಾಕಿದವರು, ಕೇಳಬೇಕೆ! ಮೂರನೇ ಕ್ವಾರ್ಟರಿನಲ್ಲಿ ನನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಅಸಿಸ್ಟ್ ಎಂದರೇನೆಂದು ಮನೆಮನೆಗೆ ತಿಳಿಹೇಳತೊಡಗಿದರು.

"ಹಾಕ್ದೋರ ಹೆಸ್ರು ಎಲ್ರೂ ಹೇಳ್ತಾರೆ. ಕೊಟ್ಟೋರ ಹೆಸ್ರು ನಾವು ಬರ್ಕೋಬೇಕು."

ಕ್ಯಾಮೆರಾ ಕೂಡ ಒಂದು ಗಳಿಗೆ ಅವರ ಮುಖಕ್ಕೆ ತಿರುಗಿತು. ಅತ್ತ ಒಂಬತ್ತನೇ ನಂಬರಿನ ತನುಜಾ ಮೇಲಿಂದ ಮೇಲೆ ಚೆಂಡು ಒದಗಿಸುತ್ತಿದ್ದಳು. ನಾನು ನೋಡಿದೆ. ನಾನು ಕಿವಿಯಿಂದ ಜಾರಿ ಬಿದ್ದಿದ್ದರೂ ಸಾಕಿತ್ತು, ಮೇಷ್ಟ್ರಿಗೆ ಎಚ್ಚರವಾಗುತ್ತಿತ್ತು. ಆದರೆ ಟಿ.ವಿ.ಯಲ್ಲಿ ನಾನೂ ಕಾಣುತ್ತಿದ್ದೆನಲ್ಲ. ಅಲುಗಾಡಲಿಲ್ಲ.

ರಾಜ್ಯ ತಂಡಕ್ಕೆ ಆಯ್ಕೆ ಮಾಡುವವರು ಆಟಕ್ಕೆ ಬಂದಿರಲಿಲ್ಲ, ನಮ್ಮ ಹಾಳೆಯನ್ನು ನೋಡಿದರು. ಉಳಿದಿದ್ದುದು ಒಂದೇ ಸ್ಥಾನ. ತನುಜಾಳಿಗಿಂತ ಎರಡು ಅಸಿಸ್ಟ್ ಹೆಚ್ಚಿದ್ದ ಬೇರೊಬ್ಬಳಿಗೆ ಅದು ಹೋಯಿತು. ವಯಸ್ಸಿನ ಮಿತಿಯಲ್ಲಿ ತನುಜಾಳಿಗೆ ಅದೇ ಕೊನೆಯ ವರ್ಷ.

ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಚಾನೆಲ್‌ನಿಂದ ರೆಕಾರ್ಡಿಂಗ್ ತರಿಸಿ ನೋಡುತ್ತ, ಅವಳ ಸಾಲಿನಲ್ಲಿ ಒಂದೊಂದಾಗಿ ಮೂರು ಗೀಟು ಹಾಕಿದರು. ಮೂರನೆಯದನ್ನು ಒತ್ತಿ ಎಳೆದಾಗ ನನ್ನ ಮೊನೆ ಮುರಿಯಿತು; ಹೆರೆದು ಜೇಬಿಗಿಟ್ಟುಕೊಂಡರು. ತಿದ್ದಿದ ಹಾಳೆ ತೋರಿಸಿದರೆ ಆಯ್ಕೆಯವರು, ಪಟ್ಟಿ ಹೋಗಿಯಾಯಿತು ಎಂದರು.

ಹಾಳೆ ಹಿಡಿದು ಹುಡುಗಿಯ ಮನೆಗೇ ಹೋದೆವು. ಅವಳಮ್ಮ ಕೊಟ್ಟ ಕಾಫಿಯನ್ನು ಮೇಷ್ಟ್ರು ಮುಟ್ಟಲಿಲ್ಲ. ತಪ್ಪು ತಮ್ಮದೇ, ಮೂರು ಅಸಿಸ್ಟ್ ಬಿಟ್ಟುಹೋದವು ಎಂದರು. ತನುಜಾ ತನ್ನ ಸಾಲಿನ ಮೇಲೆ ಬೆರಳಾಡಿಸಿದಳು.

"ಮೂರಲ್ಲ ಸಾರ್, ನಾಲ್ಕು. ಒಂದು, ಕ್ಯಾಮೆರಾ ನಿಮ್ ಕಡೆ ತಿರುಗ್ದಾಗ ಆಗಿದ್ದು."

ಮೇಷ್ಟ್ರು ಸಾಕ್ಷಿ ಕೇಳಲಿಲ್ಲ. ಜೇಬಿನಿಂದ ನನ್ನನ್ನು ತೆಗೆದು ಅಲ್ಲೇ ನಾಲ್ಕನೇ ಗೀಟು ಎಳೆದರು.

ಈಗ ನಾನು ಹೆಬ್ಬೆರಳುದ್ದದ ಮೋಟು. ಮೇಷ್ಟ್ರ ಡ್ರಾದಲ್ಲಿ ಆ ಹಾಳೆಯ ಜೊತೆಗೇ ಇದ್ದೇನೆ. ಅವರು ಹುಡುಗಿಯ ಮಾತನ್ನು ನಂಬಿ ಬರೆದರು. ನಾನು ನಂಬಬೇಕಾದ್ದೇನೂ ಇರಲಿಲ್ಲ. ನಾಲ್ಕನ್ನೂ ಕಣ್ಣಾರೆ ಕಂಡು ಸುಮ್ಮನೆ ಕುಳಿತಿದ್ದವನು ನಾನು.