ಉಡಿಕಿಯವಳ ಉಡಿ

ಮೊರಕ್ಕೆ ಅಕ್ಕಿ ಸುರಿಯುತ್ತಿದ್ದ ನಾಗರತ್ನಾಳ ಮುಂಗೈಯನ್ನು ಸೋದರತ್ತೆ ಶಾರದವ್ವ ಗಬಕ್ಕನೆ ಹಿಡಿದಳು. ಬೊಗಸೆಯಲ್ಲಿದ್ದ ಅಕ್ಕಿ ಅಡುಗೆಮನೆಯ ನೆಲದ ತುಂಬ ಚೆಲ್ಲಿತು.

"ಯಾರಿಗೆ ಇದು?"

"ಅವ್ವಗ. ಎತ್ತೋಕಿಂತ ಮೊದಲ ಉಡಿ ತುಂಬಬೇಕಲ್ಲ ಅತ್ತಿ."

"ತಲಿ ನೆಟ್ಟಗೈತೇನು ನಿಂದು? ಉಡಿಕಿ ಆದಾಕಿಗೆ ಉಡಿ ತುಂಬಿದ್ದು ಎಲ್ಯರ ಕೇಳೀಯೇನು?"

ಪಡಸಾಲೆಯಲ್ಲಿ ಅವ್ವ ಸಾವಕ್ಕನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬೆಳಗ್ಗೆ ಹಾಲು ಕಾಸಲು ಒಲೆಯ ಮುಂದೆ ಕೂತವಳು ಹಾಗೇ ವಾಲಿ ಜೀವ ಬಿಟ್ಟಿದ್ದಳು. ಖಬರ ಮುಟ್ಟಿದ್ದೇ ತಡ, ನಾಗರತ್ನಾ ಲಕ್ಷ್ಮೇಶ್ವರದಿಂದ ಗಂಡ ಹೊನ್ನೇಶನ ಬೈಕ್ ಏರಿ, ದಾರಿಯುದ್ದಕ್ಕೂ ಅಳುತ್ತ ತವರೂರು ಡೋಣಿಗೆ ಬಂದಿದ್ದಳು. ನಾಲ್ಕು ಗಂಟೆಗೆ ಹೊಲದಲ್ಲಿ ಮಣ್ಣು. ಅಂಗಳದಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು. ಸಾವಕ್ಕನ ಗಂಡ ಗೋಣೆಪ್ಪ ಬೇವಿನ ಮರದ ಬುಡದಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದ.

ಗಂಡ ಬದುಕಿರುವಾಗ ಹೋದವಳು ಪುಣ್ಯವಂತೆ ಎನ್ನುತ್ತದೆ ಊರು. ಹಸಿರು ಸೀರೆ ಉಡಿಸಿ, ಐದು ಮಂದಿ ಮುತ್ತೈದೆಯರು ಅಕ್ಕಿ, ಕೊಬ್ಬರಿ, ಅರಿಶಿಣದ ಬೇರು, ಉತ್ತತ್ತಿ, ಕುಬಸದ ಖಣ ಇಟ್ಟು ಮಡಿಲು ತುಂಬಿ ಕಳಿಸುತ್ತಾರೆ. ಸಾವಕ್ಕನ ಗಂಡ ಕಣ್ಣೆದುರಿಗೇ ಕೂತಿದ್ದಾನೆ. ಆದರೆ ಆಕೆಯದು ಲಗ್ನವಲ್ಲ, ಉಡಿಕಿ. ಗಂಡ ಸತ್ತವಳಿಗೆ ಇನ್ನೊಬ್ಬ ಒಂದು ಸೀರೆ ಉಡಿಸಿ, ತಾಳಿ ಕಟ್ಟಿ ಮನೆಗೆ ಕರೆತಂದರೆ ಅದಕ್ಕೆ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ಬಾಸಿಂಗವಿಲ್ಲ, ಅಕ್ಕಿಕಾಳು ಹಾಕುವವರೂ ಇಲ್ಲ. ಹೆಂಡತಿ ಸತ್ತ ಗಂಡಸಿಗೆ ಮಾತ್ರ ಎಷ್ಟನೇದಾದರೂ ಲಗ್ನವೇ, ವಾಜಂತ್ರಿಯೇ. ಉಡಿಕಿಯವಳು ರೊಟ್ಟಿ ಬಡಿಯಬಹುದು, ಕಳೆ ತೆಗೆಯಬಹುದು, ಹಾಸಿಗೆ ಹಾಸಬಹುದು; ಮದುವೆ-ಸೀಮಂತದಲ್ಲಿ ಮಾತ್ರ ಮುಂದೆ ಬರಬಾರದು. ಯಾವ ಮುತ್ತಜ್ಜನ ಕಾಲದಲ್ಲಿ ಯಾರು ಮಾಡಿದರೋ ಈ ಕಾಯಿದೆ! ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಬಂದವು, ಕೈಕೈಗೆ ಮೊಬೈಲ್ ಬಂತು, ಇದೊಂದು ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಟ್ಟಿಲ್ಲ.

"ನಲವತ್ತಾರು ವರ್ಷ ಅಪ್ಪನ ಜೋಡಿ ಬಾಳ್ವೆ ಮಾಡ್ಯಾಳ ಅತ್ತಿ," ಎಂದಳು ನಾಗರತ್ನಾ.

"ಮಾಡ್ಯಾಳ, ಇಲ್ಲ ಅಂದವರ್ಯಾರು? ಆದ್ರ ಅಕಿ ಶಿರಹಟ್ಟಿಯವನ ಹೆಣ್ತಿ. ಮ್ಯಾಲೆ ಹೋದ ಮ್ಯಾಲೆ ಅವನ ಕಡೇನ ಹೋಗಾಕಿ. ನಿಮ್ಮಪ್ಪಗ ಅಲ್ಲಿ ನಿನ್ನ ಹಡದವ್ವ ಕಾಯಾಕತ್ತಾಳ. ನೀ ಇಕಿಗೆ ಉಡಿ ತುಂಬಿ ಕಳಿಸಿದ್ರ, ಅಲ್ಲಿ ಯಾರ ಮುಂದ ಹೋಗಿ ನಿಂದ್ರಬೇಕು ಇಕಿ?"

ಶಿರಹಟ್ಟಿಯವನ ಜೊತೆ ಸಾವಕ್ಕ ಬಾಳಿದ್ದು ಎಂಟು ತಿಂಗಳು. ಹಾವು ಕಡಿದು ಹೋದ. ಅವನ ಮುಖ ನೆನಪಾಗಂಗಿಲ್ಲ, ಮೀಸಿ ಇತ್ತೋ ಇಲ್ಲೋ ಅದೂ ಗೊತ್ತಿಲ್ಲ ಎಂದು ಆಕೆಯೇ ಒಮ್ಮೆ ನಕ್ಕಿದ್ದಳು. ನಾಗರತ್ನಾಳನ್ನು ಹಡೆದವಳು ಬಾಣಂತನದಲ್ಲೇ ಕಣ್ಣು ಮುಚ್ಚಿದಾಗ, ಕೂಸನ್ನು ಸಾಕಲೆಂದೇ ಗೋಣೆಪ್ಪ ಈ ಇಪ್ಪತ್ತು ವರ್ಷದವಳನ್ನು ಕರೆತಂದಿದ್ದ. ಸಾವಕ್ಕನ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ. ನಾಗರತ್ನಾಳಿಗೆ ಗೊತ್ತಿದ್ದ ಅವ್ವ ಇವಳೊಬ್ಬಳೇ.

"ನಾನೂ ಅತ್ತೀನಿ ಅಕಿ ಸಲುವಾಗಿ," ಶಾರದವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಮಂಡಿ ಬಾತಾಗ ಎಣ್ಣಿ ಹಚ್ಚಿ ತಿಕ್ಕಿದಾಕಿ ಅಕಿನ. ಆದ್ರ ರೀತಿ ಅನ್ನೂದು ರೀತಿ. ನಿಮ್ಮ ಮಾಮಾ ಹೋಗಿ ಐದು ವರ್ಷಾತು, ನನಗರ ಯಾರು ತುಂಬ್ಯಾರ? ನಾ ಏನರ ಅಂದೀನೇನು?"

ಅನ್ನುತ್ತ ಮುದುಕಿ ಮೊರದ ಅಂಚು ಹಿಡಿದುಕೊಂಡಳು. ನಾಗರತ್ನಾ ಕಿತ್ತುಕೊಂಡು ಪಡಸಾಲೆಗೆ ಬಂದಳು.

ಅಲ್ಲಿ ಹತ್ತು ಹನ್ನೆರಡು ಹೆಂಗಸರಿದ್ದರು. ಮೊರ ಕಂಡದ್ದೇ ಒಬ್ಬಳಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಇನ್ನೊಬ್ಬಳು ಮೊಮ್ಮಗು ಎದ್ದಿರಬೇಕೆಂದು ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ಜಾರಿಕೊಂಡ ಮೇಲೆ ಉಳಿದವಳು ಪಕ್ಕದ ಮನೆಯ ಶಿವಲಕ್ಷ್ಮಿ. ಸಾವಕ್ಕನ ಕೈಯಿಂದ ದಿನಾ ಮಜ್ಜಿಗೆ ಒಯ್ದವಳು.

"ಶಿವಲಕ್ಷ್ಮಿ, ನೀನರ ಬಾ. ಒಂದ ಬೊಗಸಿ."

"ನಾಗಕ್ಕ, ನಿನ್ನ ಕಾಲ ಬೀಳ್ತೀನಿ, ನನ್ನ ಕೇಳಬ್ಯಾಡ," ಆಕೆ ಬಿಕ್ಕಿದಳು. "ನಮ್ಮ ಮನ್ಯಾಗಿನವರಿಗೆ ಮೊನ್ನೆರ ಹಾರ್ಟ್ ಆಪರೇಷನ್ ಆಗೈತಿ. ಏನರ ಹೆಚ್ಚುಕಮ್ಮಿ ಆತಂದ್ರ ನಮ್ಮತ್ತಿ ನನ್ನ ಸುಮ್ಮನ ಬಿಡ್ತಾರೇನು?"

ನಾಗರತ್ನಾ ಅಂಗಳಕ್ಕೆ ಇಳಿದಳು. ಭಜನೆಯವರ ನಡುವೆಯೇ ಹಾದು ಬೇವಿನ ಬುಡಕ್ಕೆ ಹೋದಳು.

"ಯಪ್ಪಾ, ನೀ ಒಂದು ಮಾತು ಹೇಳು. ಇಕಿ ನನ್ನ ಹೆಣ್ತಿ, ಉಡಿ ತುಂಬ್ರಿ ಅಂತ ಅನ್ನು. ಅಷ್ಟ ಸಾಕು."

ಗೋಣೆಪ್ಪ ಮಗಳನ್ನು ನೋಡಿದ. ಸುತ್ತ ಕೂತ ಗಂಡಸರನ್ನೂ ನೋಡಿದ. ಕಡೆಗೆ ನೆಲ ನೋಡಿಕೊಂಡು ಹೇಳಿದ: "ಹೆಣ್ಮಕ್ಕಳ ವಿಷಯ ಅದು. ನಿಮ್ಮತ್ತಿ ಹೇಳಿದಂಗ ಮಾಡವ್ವಾ."

ನಲವತ್ತಾರು ವರ್ಷ ಆಕೆ ಬಡಿದ ಬಿಸಿ ರೊಟ್ಟಿ ತಿಂದ ಬಾಯಿ ಅದು. ನಾಗರತ್ನಾಳಿಗೆ ಅಪ್ಪನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಆದರೆ ಬೈಯಲು ತನಗೇನು ಹಕ್ಕಿದೆ?

* * *

ನಾಗರತ್ನಾಳ ಲಗ್ನ ಮುಂಡರಗಿಯಲ್ಲಿ ಆಗಿತ್ತು. ಆಗ ಆಕೆಗೆ ಇಪ್ಪತ್ತು. ಸಾವಕ್ಕ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದಳು. ಶಾವಿಗೆ ಹೊಸೆದಳು, ಅರಿಶಿಣ ಕುಟ್ಟಿದಳು, ಬೆಟಗೇರಿಗೆ ಹೋಗಿ ಐದು ಅಂಗಡಿ ತಿರುಗಿ ಮಗಳಿಗೆ ಸೀರೆ ಆರಿಸಿದಳು. ಉಡಿಯ ಅಕ್ಕಿಯಲ್ಲಿ ಒಂದು ನುಚ್ಚೂ ಇರಬಾರದೆಂದು ಕಾಳುಕಾಳಾಗಿ ಆರಿಸಿ ಇಟ್ಟಳು.

ಅಕ್ಕಿಕಾಳು ಬಿದ್ದ ಮೇಲೆ ಯಾರೋ ಕೂಗಿದರು: "ಹೆಣ್ಣಿನ ತಾಯಿ ಬರ್ರಿ, ಉಡಿ ತುಂಬ್ರಿ!"

ಹೆಣ್ಣಿನ ತಾಯಿ ಅಂದದ್ದೇ ತಡ, ಸಾವಕ್ಕ ತನ್ನನ್ನು ತಾನು ಮರೆತುಬಿಟ್ಟಳು. ಮೊರ ಹಿಡಿದು, ಮುಖದ ತುಂಬ ನಗು ತುಂಬಿಕೊಂಡು, ಮಂದಿಯನ್ನು ಸರಿಸುತ್ತ ಮಗಳ ಮುಂದೆ ಬಂದು ನಿಂತಳು. ಬೀಗರ ಕಡೆಯ ಮುದುಕಿಯೊಬ್ಬಳು "ಯವ್ವಯ್ಯ!" ಎಂದು ಬಾಯಿಗೆ ಕೈ ಹಚ್ಚಿದಳು.

ಆಗ ಉಡಿಗೆ ಚಾಚಿದ್ದ ಸೆರಗು ಹಿಂದಕ್ಕೆ ಎಳೆದುಕೊಂಡದ್ದು ಬೇರೆ ಯಾರೂ ಅಲ್ಲ, ನಾಗರತ್ನಾ. ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತಾನಾಗಿ ಎಳೆಯಿತು. "ನೀ ಒಳಗ ಹೋಗವ್ವಾ," ಎಂದಳು ಮೆಲ್ಲಗೆ. "ಅತ್ತಿ ತುಂಬ್ತಾಳ."

ಸಾವಕ್ಕ ಎಲ್ಲರಿಗೂ ಕೇಳುವ ಹಾಗೆ, "ಅಯ್ಯ ನನ್ನ ಶಿವನ, ಹುಗ್ಗಿ ತಳ ಹತ್ತಾಕತ್ತೈತಿ!" ಎಂದಳು. ಮೊರವನ್ನು ಶಾರದವ್ವನ ಕೈಗಿಟ್ಟು ಅಡುಗೆಯವರ ಕಡೆ ಓಡಿದಳು. ಜನ ನಕ್ಕರು, ವಾಜಂತ್ರಿ ಮತ್ತೆ ಸುರುವಾಯಿತು. ಹುಗ್ಗಿ ಅಂದು ತಳ ಹತ್ತಿರಲಿಲ್ಲ. ಬಡಿಸಿದಾಗ ನಾಗರತ್ನಾ ಉಂಡು ನೋಡಿದ್ದಳು.

ಆ ವಿಷಯವನ್ನು ತಾಯಿ ಎಂದೂ ಎತ್ತಲಿಲ್ಲ. ಪಂಚಮಿಗೆ ಮಗಳು ತವರಿಗೆ ಬಂದು ಹೊರಡುವಾಗಲೆಲ್ಲ ಮೊರ ತಾನೇ ಅಣಿ ಮಾಡಿ, ಶಿವಲಕ್ಷ್ಮಿಯನ್ನು ಕರೆದು ತುಂಬಿಸಿ, ತಾನು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ತಪ್ಪಾತು ಯವ್ವಾ ಎಂದು ಒಮ್ಮೆ ಹೇಳಬೇಕೆಂದು ನಾಗರತ್ನಾ ಪ್ರತಿ ಸಲ ಅಂದುಕೊಂಡಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷ ಹಾಗೇ ಹೊತ್ತಾಯಿತು.

* * *

"ಜಲ್ದಿ ಆಗ್ಲಿ, ಹೊತ್ತು ಹೊಂಟೈತಿ," ಅಂಗಳದಿಂದ ಯಾರೋ ಕೂಗಿದರು. ಹೊರುವವರು ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದರು.

ನಾಗರತ್ನಾ ಪಡಸಾಲೆಗೆ ಬಂದು ತಾಯಿಯ ಮುಂದೆ ಕೂತಳು. ಶಾರದವ್ವ ಕಡೆಯ ಅಸ್ತ್ರ ತೆಗೆದಳು. ಬಾಗಿಲಲ್ಲಿ ನಿಂತಿದ್ದ ಹೊನ್ನೇಶನ ಕಡೆ ತಿರುಗಿ, "ಅಳಿಯಾ, ನೀವರ ಹೇಳ್ರಿ. ಮುತ್ತೈದಿ ಕೈಲೆ ಇಂಥಾದ್ದು ಮಾಡಿದ್ರ ಗಂಡಗ ಒಳ್ಳೇದಲ್ಲ," ಎಂದಳು.

ಹೊನ್ನೇಶ ಕಣ್ಣು ಒರೆಸಿಕೊಂಡ. "ನಾ ಸತ್ರ ಬೀಡಿ ಸೇದಿ ಸಾಯ್ತೀನ್ರಿ, ನಮ್ಮತ್ತಿ ಉಡಿಯಿಂದ ಅಲ್ಲ. ತುಂಬು ನಾಗಿ, ನೀ ತುಂಬು."

ಮಡಿಲಲ್ಲಿಟ್ಟಿದ್ದ ಕೈಗಳ ಮೇಲೆ ನಾಗರತ್ನಾ ತಾಯಿಯ ಸೆರಗು ಹಾಸಿದಳು. ಐದು ಮಂದಿ ಹಾಕಬೇಕಾದ್ದನ್ನು ಒಬ್ಬಳೇ ಹಾಕತೊಡಗಿದಳು. ಹದಿನಾರರ ಹುಡುಗಿಯಾಗಿ ಶಿರಹಟ್ಟಿಗೆ ಹೊರಟಾಗ ತುಂಬಿದ್ದು ಬಿಟ್ಟರೆ ಆ ಮಡಿಲಿಗೆ ಇನ್ನೊಂದು ಕಾಳು ಬಿದ್ದಿರಲಿಲ್ಲ. ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು, ಅರಿಶಿಣದ ಬೇರು, ಉತ್ತತ್ತಿ, ಖಣ ಇಟ್ಟಳು. ಪ್ರತಿ ಬೊಗಸೆಗೂ "ತಪ್ಪಾತು ಯವ್ವಾ, ತಪ್ಪಾತು," ಎಂದಳು. ಅಂಗಳದ ಭಜನೆ ನಿಂತಿತ್ತು. ಗೋಣೆಪ್ಪ ಬೇವಿನ ಬುಡ ಬಿಟ್ಟು ಏಳಲಿಲ್ಲ.

ಐದನೇ ಬೊಗಸೆಯೂ ಆಯಿತು.

ಉಡಿ ತುಂಬಿಸಿಕೊಂಡವಳು ಅದರೊಳಗಿಂದ ಒಂದು ಹಿಡಿ ತೆಗೆದು ತಿರುಗಿ ಮೊರಕ್ಕೆ ಹಾಕಬೇಕು. ತುಂಬಿದವರ ಮನೆ ಬರಿದಾಗಬಾರದಂತೆ. ನಾಗರತ್ನಾ ರೂಢಿಯಂತೆ ಬರಿಮೊರವನ್ನು ಎರಡೂ ಕೈಯಲ್ಲಿ ಎತ್ತಿ ತಾಯಿಯ ಮುಂದೆ ಚಾಚಿದಳು.

ಹೊರುವವರು ಒಳಗೆ ಬಂದು ಹಿಂದೆ ನಿಂತರು. "ನಾಗಿ, ಏಳ ತಂಗಿ," ಎಂದು ಶಾರದವ್ವ ಹೆಗಲು ಮುಟ್ಟಿದಳು.

ನಾಗರತ್ನಾ ಮೊರ ಚಾಚಿಕೊಂಡೇ ಕೂತಿದ್ದಳು.